ಸಂಘದ ವರದಿ, ಜಾಲತಾಣದ ಲಿಂಕ್: ಎರಡೂ ಸದಸ್ಯನಿಗೆ ತಿಳಿಯುವಂತಿರಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗಳ ಕಾಲ ಹತ್ತಿರವಾಗುತ್ತಿದೆ. ಶಿವಮೊಗ್ಗ ಜಿಲ್ಲೆಯ ಏಳೂ ತಾಲ್ಲೂಕುಗಳಲ್ಲಿ ಕೃಷಿ ಪತ್ತಿನ ಸಂಘಗಳು, ಅಡಿಕೆ ಮಾರಾಟ ಸಂಘಗಳು, ಹಾಲು ಉತ್ಪಾದಕರ ಸಂಘಗಳು ತಮ್ಮ ಸದಸ್ಯರಿಗೆ ಮುದ್ರಿತ ವರದಿ ಹಂಚಲಿವೆ. ಈಚೆಗೆ ಕೆಲವು ಸಂಘಗಳು ಅದೇ ವರದಿಯನ್ನು ಜಾಲತಾಣಕ್ಕೂ ಹಾಕಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದರ ಲಿಂಕ್ ಕಳುಹಿಸುತ್ತಿವೆ. ಇದು ಒಳ್ಳೆಯ ಬೆಳವಣಿಗೆ. ಆದರೆ ಹೀಗೆ ಕೈಗೆ ಬಂದ ವರದಿಯನ್ನು ಓದಲಾಗದೆ, ಕಳುಹಿಸಿದ ಲಿಂಕ್ ತೆರೆಯದೆ ಸುಮ್ಮನಾಗುವ ಸದಸ್ಯರೂ ಅಷ್ಟೇ ಹೆಚ್ಚುತ್ತಿದ್ದಾರೆ. ತಪ್ಪು ತಮ್ಮದೇ, ತಮಗೆ ಕಂಪ್ಯೂಟರ್ ಬಾರದು ಎಂದು ಅವರು ತಿಳಿಯುತ್ತಾರೆ. ಹಲವು ವರ್ಷಗಳಿಂದ ಕಂಪ್ಯೂಟರ್ ಕಲಿಸುವ ಕೆಲಸದಲ್ಲಿರುವ ನನಗೆ ಇದು ತೀರ ನೋವಿನ ಸಂಗತಿಯಾಗಿ ಕಾಣುತ್ತದೆ. ಏಕೆಂದರೆ ಬಹುಪಾಲು ಸಂದರ್ಭಗಳಲ್ಲಿ ದೋಷವಿರುವುದು ಓದುವವರಲ್ಲಲ್ಲ, ವರದಿಯ ವಿನ್ಯಾಸದಲ್ಲಿ ಮತ್ತು ಲಿಂಕ್ ಕೊಟ್ಟ ಕ್ರಮದಲ್ಲಿ. ಇವೆರಡರ ಮೂಲಪಾಠಗಳು ಸಂಘದ ಕಾರ್ಯದರ್ಶಿಗೂ ನಿರ್ದೇಶಕರಿಗೂ ಸದಸ್ಯರಿಗೂ ತಿಳಿದಿದ್ದರೆ, ತಂತ್ರಾಂಶ ಒದಗಿಸುವವರಿಂದ ಸರಿಯಾದುದನ್ನು ಕೇಳಿ ಪಡೆಯಬಹುದು ಎಂಬುದನ್ನು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಮಲೆನಾಡಿನ ರೈತರಿಗೆ ಕೋಷ್ಟಕ ಓದುವುದು ಹೊಸದಲ್ಲ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ, ಹನ್ನೊಂದನೇ ಕಾಲಂನಲ್ಲಿ ಬ್ಯಾಂಕಿನ ಸಾಲ ಇನ್ನೂ ಕಾಣಿಸುತ್ತಿದೆಯೇ, ಹನ್ನೆರಡನೇ ಕಾಲಂನಲ್ಲಿ ಬೆಳೆ ಯಾವುದೆಂದು ಬರೆದಿದೆ ಎಂಬುದನ್ನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರೂ ಬೆರಳಿಟ್ಟು ತೋರಿಸಬಲ್ಲರು. ಕೈಬರಹದ ಕಾಲದಿಂದ ಜನರಿಗೆ ರೂಢಿಯಾಗಿದ್ದ ಈ ಕಾಲಂಗಳು, ಇಪ್ಪತ್ತೈದು ವರ್ಷಗಳ ಹಿಂದೆ ‘ಭೂಮಿ’ ಯೋಜನೆಯಡಿ ಪಹಣಿ ಕಂಪ್ಯೂಟರಿಗೆ ಬಂದಾಗಲೂ ತಮ್ಮ ಸಂಖ್ಯೆಯನ್ನು ಉಳಿಸಿಕೊಂಡವು. ಪಹಣಿಯೂ ಡೇಟಾಬೇಸ್‌ನಿಂದ, ಅಂದರೆ ಕಂಪ್ಯೂಟರಿನಲ್ಲಿ ಕ್ರಮವಾಗಿ ಕೂಡಿಟ್ಟ ಮಾಹಿತಿಯಿಂದ, ಹೊರಬರುವ ಒಂದು ವರದಿಯೇ. ಯಾವ ಮಾಹಿತಿ ಯಾವ ಜಾಗದಲ್ಲಿರುತ್ತದೆ ಎಂಬುದು ಸ್ಥಿರವಾಗಿದ್ದರೆ, ಜನ ಅದನ್ನು ಕಲಿತು ತಮ್ಮದಾಗಿಸಿಕೊಳ್ಳುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅದೇ ರೈತ ತನ್ನ ಸಂಘದ ವರದಿಯ ಮುಂದೆ ಕಕ್ಕಾಬಿಕ್ಕಿಯಾಗುವುದೇಕೆ ಎಂಬ ಪ್ರಶ್ನೆಯನ್ನು ವರದಿ ಮಾಡುವವರು ಕೇಳಿಕೊಳ್ಳಬೇಕು.

ಮೊದಲು ತಿಳಿಯಬೇಕಾದದ್ದು, ಮಾಹಿತಿಯನ್ನು ಕೂಡಿಡುವ ರೀತಿ ಬೇರೆ, ಅದನ್ನು ತೋರಿಸುವ ರೀತಿ ಬೇರೆ ಎಂಬುದನ್ನು. 1970ರಲ್ಲಿ ಐಬಿಎಂ ಸಂಸ್ಥೆಯ ಇ.ಎಫ್. ಕಾಡ್ ಅವರು ಪ್ರತಿಪಾದಿಸಿದ, ಮಾಹಿತಿಯನ್ನು ಕೋಷ್ಟಕಗಳಾಗಿ ಇಡುವ ರಿಲೇಶನಲ್ ಮಾದರಿಯ ಹಿಂದಿನ ಮುಖ್ಯ ಆಶಯಗಳಲ್ಲಿ ಇದೂ ಒಂದು. ಸಂಘದ ಡೇಟಾಬೇಸ್‌ನಲ್ಲಿ ಸದಸ್ಯರದೊಂದು ಕೋಷ್ಟಕ, ಅಡಿಕೆ ವಹಿವಾಟಿನದೊಂದು ಕೋಷ್ಟಕ, ಸಾಲದ್ದೊಂದು ಕೋಷ್ಟಕ ಇರುತ್ತವೆ. ಪ್ರತಿಯೊಂದು ವಹಿವಾಟಿನ ಸಾಲಿನಲ್ಲೂ ಸದಸ್ಯತ್ವ ಸಂಖ್ಯೆ ಇರುವುದರಿಂದ ಅದು ಯಾರದೆಂದು ತಿಳಿಯುತ್ತದೆ. ಇವುಗಳಿಂದ ಬೇಕಾದ ಸಾಲುಗಳನ್ನು ಆಯ್ದು ತರುವುದು ಕ್ವೆರಿ. ಕ್ವೆರಿ ತಂದದ್ದನ್ನು ಓದುವವರಿಗಾಗಿ ಪುಟದ ಮೇಲೆ ಜೋಡಿಸುವುದು ರಿಪೋರ್ಟ್, ಅಂದರೆ ವರದಿ. ಒಂದೇ ಕೋಷ್ಟಕದಿಂದ ಆಡಿಟರಿಗೆ ಒಂದು ಬಗೆಯ, ನಿರ್ದೇಶಕರ ಸಭೆಗೆ ಇನ್ನೊಂದು ಬಗೆಯ, ಸದಸ್ಯರಿಗೆ ಮತ್ತೊಂದು ಬಗೆಯ ವರದಿ ತೆಗೆಯಲು ಯಾವ ಅಡ್ಡಿಯೂ ಇಲ್ಲ. ಆದ್ದರಿಂದ ‘ಕಂಪ್ಯೂಟರಿನಲ್ಲಿ ಹೀಗೇ ಬರುತ್ತದೆ’ ಎಂಬ ಉತ್ತರವನ್ನು ಯಾವ ಸದಸ್ಯರೂ ಒಪ್ಪಿಕೊಳ್ಳಬೇಕಾಗಿಲ್ಲ.

ವರದಿಯ ಅಂಗಗಳನ್ನು ನಮ್ಮ ಅಡಿಕೆ ವಹಿವಾಟಿನ ಉದಾಹರಣೆಯಿಂದಲೇ ವಿವರಿಸುತ್ತೇನೆ. ಡೇಟಾಬೇಸ್ ತಂತ್ರಾಂಶವಾದ ಮೈಕ್ರೋಸಾಫ್ಟ್ ಅಕ್ಸೆಸ್‌ನಲ್ಲಿ ಈ ಅಂಗಗಳನ್ನು ಸೆಕ್ಷನ್ ಎನ್ನುತ್ತಾರೆ. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಬೇಸ್‌ನಲ್ಲಿಯೂ, ಇತರ ವರದಿ ತಂತ್ರಾಂಶಗಳಲ್ಲಿಯೂ ಹೆಚ್ಚುಕಡಿಮೆ ಇವೇ ಇರುತ್ತವೆ. ವರದಿಯ ಆರಂಭದಲ್ಲಿ ಒಮ್ಮೆ ಮಾತ್ರ ಬರುವುದು ರಿಪೋರ್ಟ್ ಹೆಡರ್: ಸಂಘದ ಹೆಸರು, ವರದಿಯ ಹೆಸರು, ಯಾವ ಅವಧಿಗೆ ಸಂಬಂಧಿಸಿದ್ದು ಎಂಬುದು ಇಲ್ಲಿರಬೇಕು. ಪ್ರತಿ ಪುಟದ ತಲೆಯಲ್ಲಿ ಬರುವುದು ಪೇಜ್ ಹೆಡರ್: ‘ದಿನಾಂಕ’, ‘ತೂಕ’, ‘ದರ’, ‘ಮೊತ್ತ’ ಎಂಬ ಕಾಲಂ ಶೀರ್ಷಿಕೆಗಳಿಗೆ ಇದು ಸರಿಯಾದ ಜಾಗ. ಈ ಶೀರ್ಷಿಕೆಗಳನ್ನು ರಿಪೋರ್ಟ್ ಹೆಡರ್‌ನಲ್ಲಿ ಇಟ್ಟರೆ ಮೊದಲ ಪುಟದಲ್ಲಿ ಮಾತ್ರ ಅಚ್ಚಾಗುತ್ತವೆ. ಎರಡನೇ ಪುಟದಿಂದ ಮುಂದೆ ಹೆಸರಿಲ್ಲದ ಅಂಕಿಗಳ ಸಾಲು ಉಳಿಯುತ್ತದೆ, ಮೂರನೇ ಕಾಲಂ ತೂಕವೋ ದರವೋ ಎಂದು ತಿಳಿಯಲು ಸದಸ್ಯರು ಪ್ರತಿ ಬಾರಿಯೂ ಹಿಂದಕ್ಕೆ ಹಾಳೆ ತಿರುಗಿಸಬೇಕಾಗುತ್ತದೆ. ನನ್ನ ಕೈಗೆ ಬಂದ ವರದಿಗಳಲ್ಲಿ ಅತಿ ಹೆಚ್ಚು ಕಂಡ ದೋಷ ಇದೇ. ತಿದ್ದಲು ಬೇಕಾದದ್ದು ಕೆಲವೇ ನಿಮಿಷ.

ವರದಿಯ ಜೀವ ಇರುವುದು ಗುಂಪುಗಳಲ್ಲಿ. ಇಡೀ ವರ್ಷದ ವಹಿವಾಟನ್ನು ದಿನಾಂಕದ ಪ್ರಕಾರ ಉದ್ದಕ್ಕೆ ಅಚ್ಚು ಹಾಕಿದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅದನ್ನೇ ಮೊದಲು ಗ್ರಾಮವಾರು, ಅದರೊಳಗೆ ಸದಸ್ಯವಾರು, ಅದರೊಳಗೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಗೆವಾರು ಗುಂಪು ಮಾಡಿದರೆ, ಅದೇ ಅಂಕಿಗಳು ಮಾತನಾಡತೊಡಗುತ್ತವೆ. ಪ್ರತಿ ಗುಂಪು ಆರಂಭವಾಗುವಲ್ಲಿ ಗ್ರೂಪ್ ಹೆಡರ್ ಬರುತ್ತದೆ, ಅದರಲ್ಲಿ ಗುಂಪಿನ ಹೆಸರಿರುತ್ತದೆ. ಪ್ರತಿ ವಹಿವಾಟಿಗೆ ಒಂದರಂತೆ ಬರುವ ಸಾಲಿಗೆ ಡೀಟೇಲ್ ಎನ್ನುತ್ತಾರೆ. ಗುಂಪು ಮುಗಿಯುವಲ್ಲಿ ಬರುವ ಗ್ರೂಪ್ ಫೂಟರ್‌ನಲ್ಲಿ ಆ ಗುಂಪಿನ ಒಟ್ಟು ತೂಕ, ಒಟ್ಟು ಮೊತ್ತ ಇರಬೇಕು. ಇಡೀ ಸಂಘದ ಒಟ್ಟು ಮೊತ್ತ ಕೊನೆಯಲ್ಲಿ ಒಮ್ಮೆ ಬರುವ ರಿಪೋರ್ಟ್ ಫೂಟರ್‌ಗೆ ಸೇರಿದ್ದು. ಪುಟದ ಅಡಿಯ ಪೇಜ್ ಫೂಟರ್ ಇರುವುದು ಪುಟಸಂಖ್ಯೆಗೆ, ಅಚ್ಚಾದ ದಿನಾಂಕಕ್ಕೆ. ಅಲ್ಲಿ ಕೂಡಿಕೆಯ ಸೂತ್ರ ಬರೆದರೆ ಅಕ್ಸೆಸ್ ಮೊತ್ತದ ಬದಲು ದೋಷವೆಂದೇ ತೋರಿಸುತ್ತದೆ. ಪುಟ ಎಂಬುದು ಕಾಗದದ ವಿಭಾಗವೇ ಹೊರತು ದತ್ತಾಂಶದ ವಿಭಾಗವಲ್ಲ ಎಂಬುದು ಇದರ ಹಿಂದಿನ ತರ್ಕ. ಹೊಸದಾಗಿ ಕಲಿಯುವವರನ್ನು ಗೊಂದಲಕ್ಕೆ ಕೆಡಹುವ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ವಿನ್ಯಾಸದ ಪರದೆಯಲ್ಲಿ ರಿಪೋರ್ಟ್ ಫೂಟರ್ ಎಲ್ಲಕ್ಕಿಂತ ಕೆಳಗೆ ಕಂಡರೂ, ಅಚ್ಚಿನಲ್ಲಿ ಅದು ಕೊನೆಯ ಪುಟದ ಪೇಜ್ ಫೂಟರ್‌ಗಿಂತ ಮೇಲೆ ಬರುತ್ತದೆ.

ಒಬ್ಬ ಸದಸ್ಯರ ವಹಿವಾಟು ಒಂದು ಪುಟದಿಂದ ಮುಂದಿನ ಪುಟಕ್ಕೆ ಹರಿದರೆ, ಗುಂಪಿನ ಹೆಡರ್ ಅಲ್ಲಿ ಮತ್ತೆ ಅಚ್ಚಾಗುವಂತೆ ಮಾಡಬಹುದು. ಸಣ್ಣ ಗುಂಪು ಒಡೆಯದೆ ಒಂದೇ ಪುಟದಲ್ಲಿ ನಿಲ್ಲುವಂತೆಯೂ ಮಾಡಬಹುದು. ಹೀಗೆ ಮಾಡುವ ಸೌಲಭ್ಯ ತಂತ್ರಾಂಶದಲ್ಲೇ ಇದ್ದರೂ ಅದನ್ನು ಬಳಸಿದ ವರದಿಗಳು ಅಪರೂಪ.

ಗುಂಪು ಮಾಡುವಾಗ ಹೆಸರನ್ನು ನಂಬಬಾರದು, ಸಂಖ್ಯೆಯನ್ನು ನಂಬಬೇಕು. ಒಂದೇ ಊರಿನಲ್ಲಿ ಇಬ್ಬರು ಮಂಜುನಾಥರು, ಮೂವರು ಗಣಪತಿಯವರು ಇರುವುದು ನಮ್ಮಲ್ಲಿ ಸಾಮಾನ್ಯ. ವರದಿಯನ್ನು ಹೆಸರಿನ ಮೇಲೆ ಗುಂಪು ಮಾಡಿದರೆ ಇಬ್ಬರ ಅಡಿಕೆ ಒಬ್ಬರ ಖಾತೆಯಲ್ಲಿ ಕೂಡಿ ಕಾಣುತ್ತದೆ. ಇದರ ತಲೆಕೆಳಗಿನ ತೊಂದರೆಯೂ ಇದೆ: ಇಂಗ್ಲಿಷಿನಲ್ಲಿ ‘ಶಿಮೊಗ’ ಎಂದು ಬರೆಯುತ್ತಿದ್ದ ಊರ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ‘ಶಿವಮೊಗ್ಗ’ ಎಂದಾಯಿತು, ಹಳೆಯ ದಾಖಲೆಗಳಲ್ಲಿ ಒಂದು ರೂಪ, ಹೊಸವುಗಳಲ್ಲಿ ಇನ್ನೊಂದು ರೂಪ ಉಳಿದಿದ್ದರೆ ಒಂದೇ ಊರು ವರದಿಯಲ್ಲಿ ಎರಡು ಗುಂಪಾಗಿ ಒಡೆದು, ಎರಡು ಅರೆಬರೆ ಮೊತ್ತಗಳು ಬರುತ್ತವೆ. ಊರಿಗೊಂದು ಸಂಕೇತ ಸಂಖ್ಯೆ ಕೊಟ್ಟು, ಹೆಸರನ್ನು ಒಂದೇ ಕಡೆ ಬರೆದಿಟ್ಟರೆ ಈ ತೊಡಕು ಹುಟ್ಟುವುದೇ ಇಲ್ಲ.

ಇನ್ನು ಕಾಗದದ ವಿಚಾರ. ಎ4 ಹಾಳೆಯ ಅಗಲ 210 ಮಿಲಿಮೀಟರ್. ಎರಡೂ ಬದಿಗೆ 20 ಮಿಲಿಮೀಟರ್ ಅಂಚು ಬಿಟ್ಟರೆ ಬರೆಯಲು ಉಳಿಯುವುದು 170 ಮಿಲಿಮೀಟರ್ ಮಾತ್ರ. ವರದಿಯ ವಿನ್ಯಾಸ ಇದಕ್ಕಿಂತ ಕೂದಲೆಳೆಯಷ್ಟು ಅಗಲವಾದರೂ ಹೆಚ್ಚಿನ ಭಾಗ ಮತ್ತೊಂದು ಹಾಳೆಗೆ ಹೋಗುತ್ತದೆ, ಆ ಭಾಗದಲ್ಲಿ ಏನೂ ಇಲ್ಲದಿದ್ದರೆ ಒಂದು ಬಿಟ್ಟು ಒಂದು ಹಾಳೆ ಖಾಲಿಯಾಗಿ ಹೊರಬರುತ್ತದೆ. ಪ್ರಿಂಟರ್ ಕೆಟ್ಟಿದೆ ಎಂದು ರಿಪೇರಿಗೆ ಕೊಡುವವರು ಮೊದಲು ಇದನ್ನು ನೋಡಬೇಕು. ಕಾಲಂಗಳು ಹೆಚ್ಚಿದ್ದರೆ ಹಾಳೆಯನ್ನು ಅಡ್ಡಲಾಗಿ, ಲ್ಯಾಂಡ್‌ಸ್ಕೇಪ್ ಆಗಿ ಬಳಸುವುದೇ ಸೂಕ್ತ; ಅಕ್ಷರಗಳನ್ನು ಕಿರಿದುಮಾಡುತ್ತಾ ಹೋದರೆ ಹಿರಿಯ ಸದಸ್ಯರಿಗೆ ಕನ್ನಡಕ ಹಾಕಿದರೂ ಕಾಣುವುದಿಲ್ಲ. ನಮ್ಮ ಜನರ ಹೆಸರಿನಲ್ಲಿ ಊರು, ಮನೆತನ, ತಂದೆಯ ಹೆಸರು ಸೇರಿ ಉದ್ದವಾಗುವುದರಿಂದ, ಹೆಸರಿನ ಅಂಕಣ ಕೆಳಮುಖವಾಗಿ ಬೆಳೆಯುವಂತೆ ಇಡಬೇಕು, ಇಲ್ಲದಿದ್ದರೆ ಅರ್ಧ ಹೆಸರು ಕತ್ತರಿಸಿ ಹೋಗುತ್ತದೆ. ಅಂಕಿಗಳನ್ನು ಬಲಕ್ಕೆ ಸರಿಸಿ, ದಶಮಾಂಶ ಬಿಂದುಗಳು ಒಂದರ ಕೆಳಗೊಂದು ಬರುವಂತೆ ಜೋಡಿಸಬೇಕು. 12,34,567 ಎಂದು ಬರೆದರೆ ಹನ್ನೆರಡು ಲಕ್ಷವೆಂದು ನಮ್ಮ ಕಣ್ಣು ಕೂಡಲೇ ಗುರುತಿಸುತ್ತದೆ. 1,234,567 ಎಂದು ಅಚ್ಚಾದರೆ ಎಣಿಸಿ ನೋಡಬೇಕಾಗುತ್ತದೆ. ದಿನಾಂಕವೂ ಹಾಗೆಯೇ: 05-08 ಎಂಬುದು ಆಗಸ್ಟ್ ಐದೋ ಮೇ ಎಂಟೋ ಎಂಬ ಅನುಮಾನ ಉಳಿಯದಂತೆ ತಿಂಗಳ ಹೆಸರನ್ನೇ ಬರೆಯುವುದು ಕ್ಷೇಮ.

ಇಷ್ಟು ಮಾಡಿ ತಯಾರಿಸಿದ ವರದಿ ಜಾಲತಾಣಕ್ಕೆ ಹೋದಾಗ ಎರಡನೆಯ ವಿಷಯ ಆರಂಭವಾಗುತ್ತದೆ. ಲಿಂಕ್ ಎಂಬುದು ಒಂದು ವಿಳಾಸ ಮತ್ತು ಆ ವಿಳಾಸವನ್ನು ಹೊದ್ದ ಕೆಲವು ಪದಗಳು. ಜಾಲಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಇದಕ್ಕೆ ಆ್ಯಂಕರ್ ಎಂಬ ಟ್ಯಾಗ್, ಅಂದರೆ ಗುರುತು, ಬಳಸುತ್ತಾರೆ. ಪೂರ್ಣ ವಿಳಾಸದಲ್ಲಿ ಮೊದಲು ಎಚ್‌ಟಿಟಿಪಿಎಸ್ ಎಂಬ ಪ್ರೊಟೊಕಾಲ್ (ಮಾಹಿತಿ ಸಾಗಿಸುವ ನಿಯಮ), ಬಳಿಕ ಜಾಲತಾಣದ ಡೊಮೈನ್ ಹೆಸರು, ಅದರ ಬಳಿಕ ಫೋಲ್ಡರ್ ಮತ್ತು ಫೈಲಿನ ಹೆಸರು ಇರುತ್ತವೆ. ಇವೆಲ್ಲವೂ ಇದ್ದರೆ ಅದು ಅಬ್ಸೊಲ್ಯೂಟ್ ಲಿಂಕ್. ಈಗಿರುವ ಪುಟದಿಂದ ಎಲ್ಲಿಗೆ ಹೋಗಬೇಕು ಎಂಬಷ್ಟನ್ನೇ ಹೇಳಿದರೆ ರಿಲೇಟಿವ್ ಲಿಂಕ್. ಒಂದೇ ಜಾಲತಾಣದ ಪುಟಗಳನ್ನು ಜೋಡಿಸಲು ರಿಲೇಟಿವ್ ಲಿಂಕ್ ಅನುಕೂಲ, ತಾಣ ಬೇರೆ ಡೊಮೈನ್‌ಗೆ ಹೋದರೂ ಒಳಗಿನ ಲಿಂಕ್‌ಗಳು ಕೆಡುವುದಿಲ್ಲ. ಹೊರಗಿನ ತಾಣಕ್ಕೆ ಹೋಗಲು, ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಲು ಪೂರ್ಣ ವಿಳಾಸವೇ ಬೇಕು.

ಇಲ್ಲಿ ಪದೇ ಪದೇ ಕಾಣುವ ಎರಡು ತಪ್ಪುಗಳನ್ನು ಹೇಳಲೇಬೇಕು. ಪುಟ ತಯಾರಿಸುವವರು ತಮ್ಮ ಕಂಪ್ಯೂಟರಿನ ಸಿ ಡ್ರೈವ್‌ನಲ್ಲಿರುವ ಫೈಲಿಗೇ ಲಿಂಕ್ ಕೊಟ್ಟುಬಿಡುತ್ತಾರೆ. ಅವರ ಕಚೇರಿಯಲ್ಲಿ ಅದು ಚೆನ್ನಾಗಿಯೇ ತೆರೆಯುತ್ತದೆ, ಬೇರೆಯವರ ಫೋನಿನಲ್ಲಿ ತೆರೆಯುವುದಿಲ್ಲ. ಇನ್ನೊಂದು, ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸ. ವಿಂಡೋಸ್ ಕಂಪ್ಯೂಟರ್ ಇದನ್ನು ಸಾಮಾನ್ಯವಾಗಿ ಲೆಕ್ಕಿಸುವುದಿಲ್ಲ, ಆದರೆ ಹಲವಾರು ಜಾಲತಾಣಗಳು ನಡೆಯುವ ಲಿನಕ್ಸ್ ಸರ್ವರ್ (ಜಾಲತಾಣದ ಫೈಲುಗಳನ್ನು ಇಟ್ಟು ಒದಗಿಸುವ ಕಂಪ್ಯೂಟರ್) ಇವೆರಡನ್ನೂ ಬೇರೆ ಬೇರೆ ಹೆಸರೆಂದೇ ತಿಳಿಯುತ್ತದೆ. ಕಚೇರಿಯಲ್ಲಿ ಪರೀಕ್ಷಿಸಿದಾಗ ಸರಿಯಿದ್ದ ಲಿಂಕ್ ಹೊರಗೆ ಬಂದೊಡನೆ 404 ಎಂದು ತೋರಿಸುವುದಕ್ಕೆ ಇದು ಒಂದು ಕಾರಣ. 404 ಎಂದರೆ ಸರ್ವರ್ ಸಿಕ್ಕಿತು, ಕೇಳಿದ ಪುಟ ಅಲ್ಲಿ ಸಿಗಲಿಲ್ಲ ಎಂದು. ನೆಟ್‌ವರ್ಕ್ ಇಲ್ಲದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಆಗುಂಬೆಯ ಆಸುಪಾಸಿನಲ್ಲೋ ಶರಾವತಿ ಹಿನ್ನೀರಿನ ಊರುಗಳಲ್ಲೋ ಇರುವವರು 404 ಕಂಡಾಗ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುವ ಅಗತ್ಯವಿಲ್ಲ ಎಂಬುದನ್ನು ಯಾರಾದರೂ ಅವರಿಗೆ ಹೇಳಬೇಕು.

ಲಿಂಕ್‌ಗಳು ಕೆಡುವುದಕ್ಕೆ ಮೂಲ ಕಾರಣ ವೆಬ್‌ನ ರಚನೆಯಲ್ಲೇ ಇದೆ. ಸರ್ನ್ ಸಂಶೋಧನಾ ಕೇಂದ್ರದಲ್ಲಿ 1989ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಪ್ರಸ್ತಾಪಿಸಿ ಬೆಳೆಸಿದ ವೆಬ್‌ನಲ್ಲಿ ಲಿಂಕ್ ಏಕಮುಖವಾದದ್ದು. ಯಾರು ಬೇಕಾದರೂ ಯಾರ ಅನುಮತಿಯನ್ನೂ ಕೇಳದೆ ಯಾವ ಪುಟಕ್ಕೂ ಲಿಂಕ್ ಕೊಡಬಹುದು; ವೆಬ್ ಇಷ್ಟು ವೇಗವಾಗಿ ಬೆಳೆಯಲು ಈ ಸ್ವಾತಂತ್ರ್ಯ ದೊಡ್ಡ ಕಾರಣ. ಆದರೆ ತನ್ನತ್ತ ಯಾರು ಲಿಂಕ್ ಕೊಟ್ಟಿದ್ದಾರೆ ಎಂಬುದು ಆ ಪುಟಕ್ಕೆ ತಿಳಿದಿರುವುದಿಲ್ಲವಾದ್ದರಿಂದ, ಪುಟವನ್ನು ಅಳಿಸಿದಾಗ ಅಥವಾ ಸ್ಥಳ ಬದಲಿಸಿದಾಗ ಯಾರಿಗೂ ಸುದ್ದಿ ಹೋಗುವುದಿಲ್ಲ. ಡೇಟಾಬೇಸ್‌ನಲ್ಲಿ ಹೀಗಲ್ಲ. ಅಲ್ಲಿ ಸದಸ್ಯರ ಕೋಷ್ಟಕಕ್ಕೂ ವಹಿವಾಟಿನ ಕೋಷ್ಟಕಕ್ಕೂ ಇರುವ ಸಂಬಂಧವನ್ನು ನಿಯಮವಾಗಿ ದಾಖಲಿಸಿದ್ದರೆ, ವಹಿವಾಟು ಇರುವ ಸದಸ್ಯರ ದಾಖಲೆಯನ್ನು ಅಳಿಸಲು ಹೊರಟಾಗ ತಂತ್ರಾಂಶವೇ ತಡೆಯುತ್ತದೆ. ಇದಕ್ಕೆ ರೆಫರೆನ್ಷಿಯಲ್ ಇಂಟೆಗ್ರಿಟಿ ಎಂದು ಹೆಸರು. ಜಾಲತಾಣಕ್ಕೆ ಇಂಥ ಕಾವಲು ತಾನಾಗಿ ಒದಗಿ ಬರುವುದಿಲ್ಲ, ಆ ಹೊಣೆಯನ್ನು ಅದನ್ನು ನಡೆಸುವವರೇ ಹೊರಬೇಕು. ಕಳೆದ ವರ್ಷದ ವರದಿಯ ಜಾಗಕ್ಕೆ ಈ ವರ್ಷದ ವರದಿಯನ್ನು ಅದೇ ಹೆಸರಿನಲ್ಲಿ ಹಾಕಿ ಹಳೆಯದನ್ನು ಅಳಿಸುವ ಪದ್ಧತಿಯನ್ನು ಕೈಬಿಟ್ಟು, ಪ್ರತಿ ವರ್ಷದ ವರದಿಗೂ ವರ್ಷ ಸೂಚಿಸುವ ಬೇರೆಯೇ ವಿಳಾಸ ಕೊಟ್ಟು ಶಾಶ್ವತವಾಗಿ ಉಳಿಸಬೇಕು. ತಾಣವನ್ನು ಹೊಸದಾಗಿ ರೂಪಿಸುವ ಸಂದರ್ಭ ಬಂದರೆ, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ಕಳುಹಿಸುವ 301 ಎಂಬ ವ್ಯವಸ್ಥೆಯಿದೆ, ಅದನ್ನು ಅಳವಡಿಸುವಂತೆ ಗುತ್ತಿಗೆಯ ಷರತ್ತಿನಲ್ಲೇ ಬರೆಸಬೇಕು.

ಲಿಂಕ್‌ನ ಮೇಲಿನ ಪದಗಳೂ ಮುಖ್ಯ. ಒಂದೇ ಪುಟದಲ್ಲಿ ಹತ್ತು ಕಡೆ ‘ಇಲ್ಲಿ ಕ್ಲಿಕ್ ಮಾಡಿ’ ಎಂದಿದ್ದರೆ ಯಾವುದು ಎಲ್ಲಿಗೆ ಒಯ್ಯುತ್ತದೆ ಎಂದು ತಿಳಿಯುವುದು ಹೇಗೆ? ದೃಷ್ಟಿ ಇಲ್ಲದವರು ಬಳಸುವ ಸ್ಕ್ರೀನ್ ರೀಡರ್ ತಂತ್ರಾಂಶವು ಪುಟದ ಲಿಂಕ್‌ಗಳನ್ನಷ್ಟೇ ಆರಿಸಿ ಪಟ್ಟಿಯಾಗಿ ಓದಿ ಹೇಳಬಲ್ಲದು. ಆಗ ಅವರಿಗೆ ಕೇಳಿಸುವುದು ‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಒಂದೇ ಮಾತು, ಹತ್ತು ಬಾರಿ. ಅದರ ಬದಲು ‘2023-24ರ ಅಡಿಕೆ ವಹಿವಾಟು, ಗ್ರಾಮವಾರು, ಪಿಡಿಎಫ್, 2 ಎಂಬಿ’ ಎಂದು ಬರೆದರೆ, ತೆರೆಯುವ ಮೊದಲೇ ಏನು ಸಿಗುತ್ತದೆ, ಎಷ್ಟು ಡೇಟಾ ಖರ್ಚಾಗುತ್ತದೆ ಎಂಬುದು ತಿಳಿಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರ್ ಕೂಡ ನಿಲ್ಲುವ ನಮ್ಮ ಊರುಗಳಲ್ಲಿ ಫೈಲಿನ ಗಾತ್ರ ಹೇಳುವುದು ಸಣ್ಣ ಉಪಕಾರವಲ್ಲ. ಉದ್ದದ ಪುಟವಾದರೆ ಅದರ ತಲೆಯಲ್ಲೇ ಪ್ರತಿ ಗ್ರಾಮದ ಹೆಸರಿಟ್ಟು, ಮುಟ್ಟಿದೊಡನೆ ಅದೇ ಪುಟದ ಆ ಭಾಗಕ್ಕೆ ಇಳಿಯುವ ಲಿಂಕ್‌ಗಳನ್ನು ಕೊಡಬಹುದು. ವರದಿಯಲ್ಲಿ ಗ್ರೂಪ್ ಹೆಡರ್ ಮಾಡುವ ಕೆಲಸವನ್ನು ಜಾಲಪುಟದಲ್ಲಿ ಈ ಲಿಂಕ್‌ಗಳು ಮಾಡುತ್ತವೆ.

ಕನ್ನಡದ ಮಟ್ಟಿಗೆ ಇನ್ನೊಂದು ತೊಡಕು ಎರಡೂ ಕಡೆ ಸಮಾನವಾಗಿ ಕಾಡುತ್ತದೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟುಗಳಲ್ಲಿ ಕನ್ನಡ ಕಂಡರೂ ಒಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳು. ಅಂಥ ದತ್ತಾಂಶವನ್ನು ಅಕಾರಾದಿಯಾಗಿ ಜೋಡಿಸಲು ಹೋದರೆ ಹೆಸರುಗಳು ದಿಕ್ಕಾಪಾಲಾಗುತ್ತವೆ. ಜಾಲತಾಣದ ಹುಡುಕಾಟದಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದು ಹುಡುಕಿದವರಿಗೆ ಏನೂ ಸಿಗುವುದಿಲ್ಲ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಲಭ್ಯವಿವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ ತಿದ್ದುವ ಕೆಲಸ ಮಾತ್ರ ಮನುಷ್ಯರದೇ.

ಎಲ್ಲವನ್ನೂ ಜಾಲತಾಣಕ್ಕೆ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಯಾವ ಸದಸ್ಯರ ಸಾಲ ಎಷ್ಟು ಬಾಕಿಯಿದೆ ಎಂಬುದು ಊರಿಗೆಲ್ಲ ತಿಳಿಯಬೇಕಾದ ಸಂಗತಿಯಲ್ಲ, ಮತ್ತು ಪಾಸ್‌ವರ್ಡ್ ಇಲ್ಲದ ಲಿಂಕ್ ಅದನ್ನು ಪಡೆದ ಎಲ್ಲರಿಗೂ ತೆರೆಯುತ್ತದೆ. ಇದಕ್ಕೂ ಪರಿಹಾರ ವಿನ್ಯಾಸದಲ್ಲೇ ಇದೆ: ಡೀಟೇಲ್ ಭಾಗವನ್ನು ಕಾಣದಂತೆ ಮಾಡಿ, ಗ್ರಾಮವಾರು ಮೊತ್ತವಿರುವ ಗ್ರೂಪ್ ಫೂಟರ್‌ಗಳನ್ನಷ್ಟೇ ಉಳಿಸಿದರೆ ಅದೇ ವರದಿ ಸಾರಾಂಶ ವರದಿಯಾಗುತ್ತದೆ. ಸಾರ್ವಜನಿಕರಿಗೆ ಅದು ಸಾಕು. ಸದಸ್ಯರಿಗೆ ಅವರವರ ವಿವರ ಅವರವರಿಗೇ ಕೊಡಬಹುದು. ಪಂಚಾಯಿತಿಯೇ ಮೊದಲಾದ ಸಾರ್ವಜನಿಕ ಪ್ರಾಧಿಕಾರಗಳ ಮಾತು ಬಂದರೆ, 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ದಾಖಲೆಗಳನ್ನು ಪಟ್ಟಿಮಾಡಿ, ಸೂಚಿ ಸಹಿತ ಇಡಬೇಕೆಂದೂ, ಕಂಪ್ಯೂಟರೀಕರಣಕ್ಕೆ ಯೋಗ್ಯವಾದವುಗಳನ್ನು ಕಂಪ್ಯೂಟರೀಕರಿಸಿ ಸುಲಭವಾಗಿ ಸಿಗುವಂತೆ ಮಾಡಬೇಕೆಂದೂ ಹೇಳುತ್ತದೆ. ತೆರೆಯದ ಲಿಂಕ್ ಇಟ್ಟುಕೊಂಡು ಆ ಕರ್ತವ್ಯ ಮುಗಿಯಿತೆಂದು ಹೇಳಲಾಗದು.

ಐಟಿಐಗಳ ಕೋಪಾ (ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಅಸಿಸ್ಟೆಂಟ್) ತರಬೇತಿಯಲ್ಲಿ ಡೇಟಾಬೇಸ್ ಮತ್ತು ಎಚ್‌ಟಿಎಂಎಲ್ ಎರಡನ್ನೂ ಕಲಿಸುತ್ತಾರೆ. ದ್ವಿತೀಯ ಪಿಯು ಕಂಪ್ಯೂಟರ್ ವಿಜ್ಞಾನದಲ್ಲಿ ಡೇಟಾಬೇಸ್ ಮತ್ತು ಕ್ವೆರಿ ಬರೆಯುವ ಭಾಷೆಯಾದ ಎಸ್‌ಕ್ಯೂಎಲ್ ಇವೆ. ಆದರೆ ಪೇಜ್ ಹೆಡರ್ ಎಂದರೇನು, ಅಬ್ಸೊಲ್ಯೂಟ್ ಲಿಂಕ್ ಎಂದರೇನು ಎಂಬ ಎರಡು ಅಂಕದ ಉತ್ತರವನ್ನು ಬಾಯಿಪಾಠ ಮಾಡಿದ ಮಕ್ಕಳು, ತಮ್ಮ ಮನೆಗೆ ಬಂದ ಸಂಘದ ವರದಿಯನ್ನು ಆ ಕಣ್ಣಿನಿಂದ ನೋಡಿರುವುದಿಲ್ಲ. ಪಠ್ಯದ ಉದಾಹರಣೆಗಳು ಎಲ್ಲಿಯದೋ ಕಂಪನಿಯ ಉದ್ಯೋಗಿಗಳ ಪಟ್ಟಿಯಾಗಿರುವ ಬದಲು, ಎಪಿಎಂಸಿಯ ದಿನದ ಅಡಿಕೆ ಧಾರಣೆಯೋ ಹಾಲಿನ ಡೇರಿಯ ಲೆಕ್ಕವೋ ಆಗಿದ್ದರೆ ಪಾಠ ತಾನಾಗಿ ಮನಸ್ಸಿಗೆ ಇಳಿಯುತ್ತದೆ. ಜಿಲ್ಲೆಯ ಉಪನ್ಯಾಸಕ ಮಿತ್ರರು ಈ ವರ್ಷದ ಪ್ರಾಯೋಗಿಕ ತರಗತಿಗಳಲ್ಲಿ ಇದನ್ನು ಮಾಡಿ ನೋಡಬೇಕೆಂದು ಕೋರುತ್ತೇನೆ.

ಸಂಘಗಳ ಕಾರ್ಯದರ್ಶಿಗಳಲ್ಲಿಯೂ ಒಂದು ವಿನಂತಿ. ವರದಿಯನ್ನು ಮುದ್ರಣಕ್ಕೆ ಕೊಡುವ ಮೊದಲು ಮಧ್ಯದ ಯಾವುದಾದರೂ ಒಂದು ಪುಟವನ್ನು ಮಾತ್ರ ಅಚ್ಚು ಹಾಕಿ, ಆಡಳಿತ ಮಂಡಳಿಯಲ್ಲಿ ಇಲ್ಲದ ಒಬ್ಬ ಸದಸ್ಯರ ಕೈಗೆ ಕೊಟ್ಟು, ಅದರಿಂದ ಅವರಿಗೆ ಏನು ತಿಳಿಯಿತೆಂದು ಕೇಳಬೇಕು. ಜಾಲತಾಣದ ಲಿಂಕನ್ನು ಕಚೇರಿಯ ಕಂಪ್ಯೂಟರಿನಲ್ಲಿ ತೆರೆದು ತೃಪ್ತರಾಗದೆ, ಕಚೇರಿಯ ವೈಫೈ ಬಳಸದ ಬೇರೊಬ್ಬರ ಫೋನಿನಲ್ಲಿ ತೆರೆಸಿ ನೋಡಬೇಕು. ವಿನ್ಯಾಸ ತಿದ್ದಲು ನೆರವು ಬೇಕೆಂದರೆ ತಮ್ಮ ಹತ್ತಿರದ ಐಟಿಐ ಅಥವಾ ಕಾಲೇಜಿನ ಕಂಪ್ಯೂಟರ್ ವಿಭಾಗವನ್ನು ಕೇಳಬಹುದು. ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಸಿಗಲಾರದು, ಮತ್ತು ಮಹಾಸಭೆಗೆ ಮೊದಲು ಆ ಕೆಲಸ ಮುಗಿಸಲು ಇನ್ನೂ ಕಾಲಾವಕಾಶವಿದೆ.

ಇಂತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ಬೋಧಕ,
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ